'ಹೋಗಿದ್ದೆ' ಅಂದ್ರೆಲ್ಲಾ 'ಹ್ಯಾಡ್ ಗಾನ್' ಅಲ್ಲ

ಸಪೋರ್ಟ್ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದಿನ ನೈಟ್ ಶಿಫ್ಟ್ ಮುಗಿಸಿ ರಿಪೋರ್ಟ್ ಮೇಲ್ ಹಾಕಿದ್ದೆ, 'ದ ಸರ್ವರ್ ಹ್ಯಾಡ್ ಕ್ರ್ಯಾಶ್ಡ್ ಅಟ್ 2 ಎಎಂ, ವಿ ಹ್ಯಾಡ್ ರೀಸ್ಟಾರ್ಟೆಡ್ ಇಟ್' ಅಂತ. ಅಮೆರಿಕದ ಟೀಮಿಂದ ಒಂದೇ ಸಾಲು ಉತ್ತರ: ಸರಿ, ಆಮೇಲೇನಾಯ್ತು? ಆಮೇಲೆ ಏನೂ ಆಗಿಲ್ಲ ಮಾರಾಯ್ರೆ, ಕತೆ ಅಷ್ಟೇ!

ತಪ್ಪೆಲ್ಲಿ ಅಂತ ತಲೆಗೆ ಹತ್ತೋಕೆ ತುಂಬಾ ದಿನ ಹಿಡೀತು. ನಾವು 'ನಿನ್ನೆ ಮೈಸೂರಿಗೆ ಹೋಗಿದ್ದೆ' ಅಂತೀವಿ, ಅಂದ್ರೆ ಹೋಗಿ ವಾಪಸ್ ಬಂದೂ ಆಯ್ತು ಅಂತ, ಅದನ್ನ ಹಾಗೇ ಎತ್ಕೊಂಡು 'ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ' ಮಾಡಿಬಿಡ್ತೀವಿ. (ಮೇಲೆ ನಾನೇ 'ಮೇಲ್ ಹಾಕಿದ್ದೆ' ಅಂದಿದೀನಿ ನೋಡಿ, ಕನ್ನಡದಲ್ಲಿ ಅದು ಸರೀನೇ.) ಆದ್ರೆ ಇಂಗ್ಲಿಷಲ್ಲಿ ಹ್ಯಾಡ್ ಅಂದ್ಕೂಡ್ಲೇ ಓದೋರು ಇನ್ನೊಂದು ಘಟನೆಗೆ ಕಾಯ್ತಾರೆ, ಅದೂ ಹಿಂದೆ ಆದದ್ದೇ, ಇದು ಅದಕ್ಕಿಂತ ಮುಂಚಿಂದು. ಆ ಇನ್ನೊಂದು ಇಲ್ವಾ, ಬರೀ 'ವೆಂಟ್' ಸಾಕು.

ನಾನು ಕಂಡ್ಕೊಂಡ ದಾರಿ ಇಷ್ಟೇ, ವಾಕ್ಯದೊಳಗೆ 'ಅಷ್ಟೊತ್ತಿಗಾಗ್ಲೇ' ಅಂತ ಸೇರ್ಸಿ ನೋಡೋದು. 'ಸ್ಟಾಪಿಗೆ ಬಂದೆ, ಅಷ್ಟೊತ್ತಿಗಾಗ್ಲೇ ಬಸ್ಸು ಹೋಗಿತ್ತು', ಕೂತ್ಕೊಳ್ತು, ಹಾಗಾಗಿ 'ವೆನ್ ಐ ರೀಚ್ಡ್ ದ ಸ್ಟಾಪ್, ದ ಬಸ್ ಹ್ಯಾಡ್ ಲೆಫ್ಟ್'. ಇಲ್ಲಿ ಬರೀ 'ಲೆಫ್ಟ್' ಅಂದ್ರೆ ನಾನು ಬಂದೆ, ಬಸ್ಸೂ ಅದೇ ಹೊತ್ತಿಗೆ ಹೊರಡ್ತು, ಓಡಿದ್ರೆ ಸಿಗ್ತಿತ್ತೇನೋ ಅನ್ನೋ ಅರ್ಥ ಬಂದ್ಬಿಡುತ್ತೆ. 'ಬಿಫೋರ್', 'ಆಫ್ಟರ್' ಇದ್ರೆ ಇಷ್ಟು ತಲೆಬಿಸಿ ಇಲ್ಲ, ಯಾವ್ದು ಮೊದ್ಲು ಅಂತ ಆ ಪದಗಳೇ ಹೇಳ್ತವೆ, ಹ್ಯಾಡ್ ಬಿಟ್ರೂ ಸಾಮಾನ್ಯವಾಗಿ ನಡಿಯುತ್ತೆ.

'ಇಲ್ಲ' ಬಂದಾಗಂತೂ ಕನ್ನಡವೇ ಕೈ ಹಿಡಿಯುತ್ತೆ. 'ಬ್ಯಾಕಪ್ ತಗೊಳ್ಳಲಿಲ್ಲ' ಅಂದ್ರೆ 'ಡಿಡ್ ನಾಟ್ ಟೇಕ್'. 'ಡಿಸ್ಕ್ ಹೋದಾಗ ಇನ್ನೂ ಬ್ಯಾಕಪ್ ತಗೊಂಡಿರ್ಲಿಲ್ಲ' ಅಂದ್ರೆ 'ಹ್ಯಾಡ್ ನಾಟ್ ಟೇಕನ್'. ರಿಪೋರ್ಟಲ್ಲಿ ಇದು ಸಣ್ಣ ವಿಷ್ಯ ಅಲ್ಲ, ಬೈಗುಳ ಯಾರಿಗೆ ಬೀಳುತ್ತೆ ಅನ್ನೋದು ಇದ್ರ ಮೇಲೇ ಇರುತ್ತೆ!

ಆ ಮೇಲನ್ನ ಈಗ ಬರೆಯೋದಾದ್ರೆ 'ದ ಸರ್ವರ್ ಕ್ರ್ಯಾಶ್ಡ್ ಅಟ್ 2 ಎಎಂ ಅಂಡ್ ವಿ ರೀಸ್ಟಾರ್ಟೆಡ್ ಇಟ್'. ನಡೆದ ಕ್ರಮದಲ್ಲೇ ಹೇಳ್ಕೊಂಡು ಹೋದ್ರೆ ಹ್ಯಾಡ್ ಬೇಕಾಗೋದೇ ಅಪರೂಪ. ಫೋನಲ್ಲಿ ಮಾತ್ರ ಈಗ್ಲೂ 'ಐ ಹ್ಯಾಡ್ ಟೋಲ್ಡ್ ಯು ನೋ' ಅಂತ ಬಾಯಿಗೆ ಬಂದ್ಬಿಡುತ್ತೆ. ಮೇಲ್ ಆದ್ರೆ ಕಳ್ಸೋ ಮುಂಚೆ 'ಹ್ಯಾಡ್' ಅಂತ ಸರ್ಚ್ ಹೊಡ್ದು ಒಂದೊಂದನ್ನೂ ನೋಡ್ತೀನಿ, ಅರ್ಧಕ್ಕರ್ಧ ಹಾರಿಹೋಗ್ತವೆ.