ಲೈನ್ ಪಕ್ಕದಲ್ಲೇ ಎಐ ಪಾಠ: ನನ್ನ ಅನುಭವ

ಐಟಿಐ ಮಾಡಿದವರಿಗೆ, ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವರಿಗೆ ಎಐ ಕಲಿಸಿ ಯುರೋಪಿನ ಗಿರಾಕಿಯನ್ನು ಒಪ್ಪಿಸೋಕಾಗಲ್ಲ ಅಂತ ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನನಗೆ ಹೇಳದವರಿಲ್ಲ. ಈಗ ಗಿರಾಕಿಯ ಆಡಿಟ್ ಮುಗಿದಿದೆ. ಟ್ರೈನಿಂಗ್ ದಾಖಲೆಯ ಮೇಲೆ ಒಂದೂ ಆಕ್ಷೇಪ ಬರಲಿಲ್ಲ. ತುಮಕೂರಿನ ಬೇರೆ ಫ್ಯಾಕ್ಟರಿಗಳ ಎಚ್‌ಆರ್ ಮತ್ತು ಕ್ವಾಲಿಟಿಯವರು ಹೇಗೆ ಮಾಡಿದಿರಿ ಅಂತ ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡೋಣ ಅನ್ನಿಸಿತು.

ನಮ್ಮದು ಅಲ್ಯೂಮಿನಿಯಂ ಡೈ ಕಾಸ್ಟಿಂಗ್, ಅಂದರೆ ಕರಗಿಸಿದ ಲೋಹವನ್ನು ಅಚ್ಚಿಗೆ ತುಂಬಿ ಭಾಗ ಮಾಡುವ ಕೆಲಸ. ಹೌಸಿಂಗ್‌ಗಳು, ಅಂದರೆ ಹೊರಕವಚಗಳು, ಜರ್ಮನಿಗೆ ಹೋಗುತ್ತವೆ. ಫೈನಲ್ ಇನ್ಸ್‌ಪೆಕ್ಷನ್‌ನಲ್ಲಿ ಪೀಸಿನ ದೋಷ ಹಿಡಿಯುವ ಎಐ ಕ್ಯಾಮೆರಾ ಇದೆ, ಆಫೀಸಿನಲ್ಲಿ ಮೇಲ್ ಬರೆಯೋಕೆ ಚಾಟ್‌ಜಿಪಿಟಿ ಇದೆ. ಯುರೋಪಿನ ಎಐ ಕಾಯ್ದೆ 2024ರ ಆಗಸ್ಟ್ 1ಕ್ಕೆ ಜಾರಿಗೆ ಬಂತು, ಅದರ 4ನೇ ಕಲಂ 2025ರ ಫೆಬ್ರವರಿ 2ರಿಂದ ಅನ್ವಯವಾಯಿತು. ಎಐ ಬಳಸುವ ಸಿಬ್ಬಂದಿಗೆ, ನಿಮ್ಮ ಪರವಾಗಿ ಅದನ್ನು ನಡೆಸುವವರಿಗೆ ಸಾಕಷ್ಟು ತಿಳಿವಳಿಕೆ ಇರಬೇಕು ಅನ್ನುವ ಕಲಂ ಅದು. ಎಐ ಕೊಟ್ಟ ಫಲಿತಾಂಶ ಯುರೋಪಿನಲ್ಲಿ ಬಳಕೆಯಾದರೆ ಹೊರದೇಶದ ಕಂಪನಿಗೂ ಕಾಯ್ದೆ ತಾಗುತ್ತದೆ. ನಮ್ಮ ಇನ್ಸ್‌ಪೆಕ್ಷನ್ ರಿಪೋರ್ಟ್ ಆ ಲೆಕ್ಕಕ್ಕೆ ಬರುತ್ತಾ ಅನ್ನೋದನ್ನು ವಕೀಲರು ವಾದಿಸಲಿ. ಗಿರಾಕಿ ಪ್ರಶ್ನಾವಳಿ ಕಳಿಸಿ ಕೇಳಿದ ಮೇಲೆ ನಮಗೆ ಬೇರೆ ದಾರಿ ಇರಲಿಲ್ಲ.

ಮೊದಲು ಬೆಂಗಳೂರಿನಿಂದ ಒಬ್ಬ ಕನ್ಸಲ್ಟೆಂಟ್ ಬಂದರು. ಎರಡು ದಿನದ ಕ್ಲಾಸಿಗೆ ಒಂದು ಲಕ್ಷದ ಆಸುಪಾಸು, ಊಟ ಕಾರು ಬೇರೆ. ಅರವತ್ತಕ್ಕೂ ಜಾಸ್ತಿ ಸ್ಲೈಡ್, ಎಲ್ಲ ಇಂಗ್ಲಿಷಿನಲ್ಲಿ. ಮೆದುಳಿನ ಚಿತ್ರ, ರೋಬೋಟ್ ಚಿತ್ರ. ನೈಟ್ ಶಿಫ್ಟ್ ಮುಗಿಸಿ ಬಂದು ಕೂತವರು ಎಸಿ ಹಾಲ್‌ನಲ್ಲಿ ನಿದ್ದೆಗೆ ಜಾರಿದರು, ಅವರನ್ನು ದೂರಿ ಫಲವಿಲ್ಲ. ವಾರ ಬಿಟ್ಟು ಲೈನಿಗೆ ಹೋಗಿ ಕೇಳಿದೆ. ಕ್ಯಾಮೆರಾ ತಪ್ಪು ಮಾಡುತ್ತಾ? ‘ಇಲ್ಲ ಮೇಡಂ, ಅದು ಕಂಪ್ಯೂಟರ್ ಅಲ್ವಾ’ ಅಂದರು. ಲಕ್ಷ ರೂಪಾಯಿಗೆ ಬಂದ ಉತ್ತರ ಇದು.

ಆಮೇಲೆ ವಿಡಿಯೊ ಕೋರ್ಸ್. ತಲೆಗೆ ಏಳೆಂಟು ನೂರು, ನೂರು ಚಿಲ್ಲರೆ ಜನ, ಲೆಕ್ಕ ಹಾಕಿಕೊಳ್ಳಿ. ಕೊನೆಗೆ ಸರ್ಟಿಫಿಕೇಟ್ ಬರುತ್ತದೆ. ಒಬ್ಬ ಸೂಪರ್‌ವೈಸರ್ ಕ್ಯಾಂಟೀನ್‌ನಲ್ಲಿ ಕೂತು ತನ್ನ ಇಡೀ ತಂಡದ ವಿಡಿಯೊ ಓಡಿಸಿ, ಎಲ್ಲರ ಪರವಾಗಿ ಉತ್ತರ ಒತ್ತಿದರು. ಸರ್ಟಿಫಿಕೇಟುಗಳು ಬಂದವು, ಕಲಿತವರು ಯಾರೂ ಇಲ್ಲ. ಕಾಯ್ದೆ ಸರ್ಟಿಫಿಕೇಟ್ ಕೇಳುವುದೇ ಇಲ್ಲ. ಏನು ಕಲಿಸಿದಿರಿ ಅನ್ನುವ ಆಂತರಿಕ ದಾಖಲೆ ಸಾಕು ಅಂತ ಯುರೋಪ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಆಯೋಗವೇ ಹೇಳಿದೆ. ಅದನ್ನು ಓದಿದ ಮೇಲೆ ಪ್ಲಾಂಟ್ ಹೆಡ್ ಹತ್ತಿರ ಹೋಗಿ, ಇನ್ನು ಹೊರಗಿನವರು ಬೇಡ ಸರ್, ನಾನೇ ಮಾಡ್ತೀನಿ ಅಂದೆ. ಅವರಿಗೆ ನಂಬಿಕೆ ಇರಲಿಲ್ಲ. ಪ್ರೊಡಕ್ಷನ್ ಕಡಿಮೆಯಾಗಬಾರದು ಅನ್ನುವ ಷರತ್ತಿನ ಮೇಲೆ ಒಪ್ಪಿದರು.

ಶಿಫ್ಟ್ ಶುರುವಿನ ಮೀಟಿಂಗ್ ಹೇಗೂ ಇತ್ತು. ಅದಕ್ಕೇ ಹದಿನೈದು ನಿಮಿಷ ಸೇರಿಸಿದೆ. ವಾರಕ್ಕೆ ಎರಡು ಸಲ, ಎರಡು ತಿಂಗಳ ಮೇಲೆ ನಡೆಯಿತು. ಸ್ಲೈಡ್ ಇಲ್ಲ, ಪ್ರೊಜೆಕ್ಟರ್ ಇಲ್ಲ. ಒಂದು ಟ್ರೇ, ಅದರಲ್ಲಿ ಇಪ್ಪತ್ತರಷ್ಟು ಪೀಸ್. ಕೆಲವು ಒಳ್ಳೆಯವು, ಕೆಲವು ಬ್ಲೋ ಹೋಲ್ (ಗಾಳಿ ಸಿಕ್ಕಿಕೊಂಡು ಆದ ತೂತು) ಇರುವವು, ಕೆಲವು ಸುಮ್ನೆ ಕೂಲೆಂಟ್ (ತಂಪು ಮಾಡುವ ದ್ರವ) ಹನಿ ಅಂಟಿಕೊಂಡು ಕೆಟ್ಟದಾಗಿ ಕಾಣುವವು. ಮೊದಲು ಕಣ್ಣಲ್ಲಿ ನೋಡಿ ಮಾರ್ಕರ್‌ನಿಂದ ಗುರುತು ಹಾಕಬೇಕು. ಆಮೇಲೆ ಕ್ಯಾಮೆರಾ ಕೆಳಗೆ. ಎರಡೂ ಹೊಂದದ ಪೀಸನ್ನು ಟೂಲ್‌ರೂಮಿನಲ್ಲಿ ಕೊಯ್ದು ನೋಡುವುದು.

ಮೊದಲ ಸುತ್ತಿನಲ್ಲಿ ಆಗಿದ್ದೇ ಬೇರೆ. ಹಸಿರು ದೀಪ ಬಂದ ಕೂಡಲೇ ತಮ್ಮ ಗುರುತು ಅಳಿಸಿ ಓಕೆ ಮಾಡಿಬಿಟ್ಟರು. ಹತ್ತು ವರ್ಷದ ಅನುಭವ ಇರುವವರೂ ಅಷ್ಟೇ. ಕೊರಟಗೆರೆ ಕಡೆಯಿಂದ ಬರುವ ಒಬ್ಬ ಆಪರೇಟರ್ ಅಕ್ಕ ಮಾತ್ರ ಬಿಡಲಿಲ್ಲ. ‘ಅದು ಏನಾದ್ರೂ ಹೇಳ್ಲಿ ಮೇಡಂ, ಇದು ಬ್ಲೋ ಹೋಲೇ’ ಅಂದರು. ಕೊಯ್ದರೆ, ಥ್ರೆಡ್ ಹತ್ತಿರ ಸಾಸಿವೆ ಕಾಳಿನಷ್ಟು ತೂತು. ಎಲ್ಲರೂ ಆ ತುಂಡನ್ನು ಕೈಯಿಂದ ಕೈಗೆ ಕೊಟ್ಟು ಬೆಳಕಿಗೆ ಹಿಡಿದು ನೋಡಿದರು. ಮುಂದಿನ ವಾರದಿಂದ ಕ್ಯಾಮೆರಾ ಜೊತೆ ವಾದ ಶುರುವಾಯಿತು. ಎಲ್ಲ ಸಲವೂ ಜನರೇ ಗೆದ್ದರು ಅಂತೇನಿಲ್ಲ. ಕೂಲೆಂಟ್ ಹನಿಯನ್ನು ತೂತು ಅಂದುಕೊಂಡು ಸೋತವರೂ ಇದ್ದಾರೆ. ಅದೂ ಪಾಠವೇ.

ಇನ್ನೊಂದು ಹತ್ತು ನಿಮಿಷದ ಪಾಠ ನನ್ನ ಪ್ರಕಾರ ಇಡೀ ಟ್ರೈನಿಂಗಿನ ಜೀವ. ಕ್ಯಾಮೆರಾ ಒಳ್ಳೇದು ಕೆಟ್ಟದ್ದು ಅಂತ ತಾನಾಗಿ ಹೇಳಲ್ಲ, ಪ್ರತಿ ಪೀಸಿಗೂ ಒಂದು ಅಂಕಿ ಕೊಡುತ್ತದೆ. ಎಷ್ಟರ ಮೇಲೆ ರಿಜೆಕ್ಟ್ ಅನ್ನುವ ಮಿತಿ ಇಟ್ಟವರು ನಾವು. ಇಂಜಿನಿಯರ್‌ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಟ್ರಯಲ್ ಮೋಡಿನಲ್ಲಿ ಆ ಮಿತಿಯನ್ನು ಇಳಿಸಿ ತೋರಿಸಿದೆ, ಒಳ್ಳೆ ಪೀಸಿಗೂ ಕೆಂಪು. ಏರಿಸಿದೆ, ಕೆಟ್ಟವು ಹಸಿರಾಗಿ ಹೊರಟವು. ‘ಹಾಗಾದ್ರೆ ಇದನ್ನ ಹೇಳೋರು ನಾವೇನಾ?’ ಅಂತ ಒಬ್ಬ ಟ್ರೈನಿ ಕೇಳಿದ. ಅವತ್ತು ನನಗೆ ಧೈರ್ಯ ಬಂತು. ಇದನ್ನು ಮಾಡುವವರು ಹಳೆಯ ಸೆಟ್ಟಿಂಗ್ ಬರೆದಿಟ್ಟುಕೊಂಡು, ಲೈನ್ ನಿಲ್ಲಿಸಿಯೇ ಮಾಡಿ.

ಆಮೇಲೆ ಪ್ರತಿ ಸ್ಟೇಷನ್ನಿಗೂ ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟೆ. ಕ್ಯಾಮೆರಾ ಒಂದು ಹೇಳಿ ನಿಮಗೆ ಇನ್ನೊಂದು ಅನ್ನಿಸಿದರೆ ಗಂಟೆ, ಪೀಸ್ ನಂಬರ್, ಏಕೆ ಅಂತ ಒಂದು ಸಾಲು. ಕನ್ನಡದಲ್ಲೇ ಬರೆಯಿರಿ, ಅಕ್ಷರ ಹೇಗಿದ್ದರೂ ಪರವಾಗಿಲ್ಲ ಅಂದೆ. ಎರಡನೇ ಶಿಫ್ಟಿನ ಒಬ್ಬ ಹುಡುಗನ ಪುಸ್ತಕದಲ್ಲಿ ಒಂದೇ ಮಾತು ಮತ್ತೆ ಮತ್ತೆ: ‘4.40. ಕೆಂಪು. ಪೀಸ್ ಚೆನ್ನಾಗಿದೆ.’ ‘4.55. ಕೆಂಪು. ಹೊಳಪು ಅಷ್ಟೇ.’ ಮರುದಿನವೂ ಅದೇ ಹೊತ್ತು. ಅವನೇ ಕಾರಣ ಹುಡುಕಿದ. ಸಂಜೆ ಲಾರಿ ಲೋಡ್ ಮಾಡೋಕೆ ಪಶ್ಚಿಮದ ಶಟರ್ ಎತ್ತುತ್ತಾರೆ, ಬಿಸಿಲು ನೇರ ಕನ್ವೇಯರ್ ಮೇಲೆ ಬೀಳುತ್ತದೆ. ಕ್ಯಾಮೆರಾಗೆ ಕಲಿಸಿದ ಫೋಟೊಗಳಲ್ಲಿ ಆ ಬಿಸಿಲು ಇರಲಿಲ್ಲ. ತಿಂಗಳುಗಟ್ಟಲೆ ಆ ಪೀಸುಗಳನ್ನೆಲ್ಲ ರೀಚೆಕ್‌ಗೆ ಕಳಿಸುತ್ತಿದ್ದೆವು. ಎರಡು ಸಾವಿರದೊಳಗೆ ಒಂದು ದಪ್ಪ ಕಪ್ಪು ಪರದೆ ಹಾಕಿಸಿದೆವು, ಸಂಜೆಯ ಸುಳ್ಳು ರಿಜೆಕ್ಟ್ ಹೆಚ್ಚುಕಡಿಮೆ ನಿಂತೇಹೋಯಿತು. ಆಡಿಟರ್ ಅತಿ ಹೆಚ್ಚು ಹೊತ್ತು ನೋಡಿದ್ದು ಆ ನೋಟ್‌ಬುಕ್ಕನ್ನೇ. ಸಾಲು ಸಾಲಾಗಿ ಇಂಗ್ಲಿಷಿಗೆ ಹೇಳಿಸಿಕೊಂಡರು.

ಆಫೀಸಿನವರಿಗೆ ಬೇರೆ ಪಾಠ ಬೇಕಾಯಿತು. ಅಲ್ಲಿ ಕೆಲಸದ ಅರ್ಜಿಗಳನ್ನು ಆಧಾರ್ ನಂಬರ್ ಸಮೇತ ಪುಕ್ಕಟೆ ಚಾಟ್‌ಬಾಟ್‌ಗೆ ಹಾಕಿ, ಐದು ಜನರನ್ನು ಆರಿಸು ಅನ್ನುವ ಅಭ್ಯಾಸ ಬೆಳೆದಿತ್ತು. ಯುರೋಪಿನ ಕಾಯ್ದೆಯಲ್ಲಿ ನೇಮಕಾತಿಗೆ ಬಳಸುವ ಎಐ ಹೆಚ್ಚಿನ ಅಪಾಯದ ಪಟ್ಟಿಯಲ್ಲಿದೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು, ದಂಡ 250 ಕೋಟಿವರೆಗೂ ಹೋಗಬಹುದು. ಆ ಅಂಕಿ ಹೇಳಿದ ಮೇಲೆ ಯಾರೂ ವಾದ ಮಾಡಲಿಲ್ಲ. ಹೆಸರು, ಫೋನ್, ಆಧಾರ್, ಡ್ರಾಯಿಂಗ್, ರೇಟ್ ಇವ್ಯಾವೂ ಚಾಟ್‌ಬಾಟ್‌ಗೆ ಹೋಗಬಾರದು ಅಂತ ಮಾನಿಟರ್ ಪಕ್ಕದಲ್ಲಿ ಚೀಟಿ ಅಂಟಿಸಿದೆ. ಅರ್ಜಿ ಆರಿಸುವ ಕೆಲಸ ಈಗ ಮನುಷ್ಯರದ್ದೇ.

ಚಾಟ್‌ಬಾಟ್ ಸುಳ್ಳನ್ನೂ ಗಟ್ಟಿಯಾಗಿ ಹೇಳುತ್ತದೆ ಅನ್ನೋದನ್ನು ತೋರಿಸೋಕೆ ಏನೇನೋ ಪ್ರಯತ್ನಿಸಿದೆ. ಜೋರಾಗಿ ನಾಟಿದ್ದು ಕೊಬ್ಬರಿ. ನಮ್ಮಲ್ಲಿ ತಿಪಟೂರು, ತುರುವೇಕೆರೆ ಕಡೆಯ ತೋಟದ ಮನೆಯವರು ಜಾಸ್ತಿ. ಇವತ್ತು ತಿಪಟೂರಲ್ಲಿ ಕೊಬ್ಬರಿ ರೇಟ್ ಎಷ್ಟು ಅಂತ ಕೇಳಿಸಿದೆ. ಕ್ವಿಂಟಾಲಿಗೆ 12,100 ಅಂತ ಬಂತು. ಅದು 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ. ಮಾರ್ಕೆಟ್ ಆಗ ಎಷ್ಟೋ ಮೇಲಿತ್ತು. ಅಪ್ಪನಿಗೆ ಫೋನ್ ಹಾಕಿ ರೇಟ್ ಕೇಳಿದವರೇ ಎದ್ದು ನಿಂತು, ಇದನ್ನ ನಂಬಿ ಮಾರಿದ್ರೆ ಮನೆ ಮುಳುಗ್ತಿತ್ತು ಅಂದರು. ಯಾವ ತಾರೀಖಿನದು, ಎಲ್ಲಿಂದ ತಂದೆ ಅಂತ ಕೇಳುವ ಅಭ್ಯಾಸ ಅವತ್ತಿನಿಂದ ಬಂತು. ಕೋಲಾರದವರು ಇದನ್ನೇ ಟೊಮೆಟೊ ಇಟ್ಟುಕೊಂಡು ಮಾಡಿ ನೋಡಿ.

ಇದೇ ಸಮಯಕ್ಕೆ ಒಬ್ಬ ಮಾರಾಟಗಾರ ಬಂದು, ಹಾಜರಿ ಕ್ಯಾಮೆರಾದಲ್ಲೇ ಕಾರ್ಮಿಕರ ಮುಖ ನೋಡಿ ಬೇಸರ, ಸಿಟ್ಟು ಕಂಡುಹಿಡಿಯುತ್ತೆ ಅಂದ. ಕೆಲಸದ ಜಾಗದಲ್ಲಿ ಭಾವನೆ ಅಳೆಯುವ ಎಐಯನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟರೆ, ಯುರೋಪ್ 2025ರ ಫೆಬ್ರವರಿ 2ರಿಂದಲೇ ನಿಷೇಧಿಸಿದೆ. ನಮ್ಮ ದೇಶದಲ್ಲಿ ಆ ನಿಷೇಧ ಇಲ್ಲದಿದ್ದರೂ ನಮ್ಮ ಜನರ ಮೇಲೆ ಅದು ಬೇಡ ಅಂತ ಹೇಳಿ ಕಳಿಸಿದೆ.

ಖರ್ಚು ಒಟ್ಟು ನಲವತ್ತು ಸಾವಿರದ ಒಳಗೆ. ಅರ್ಧಕ್ಕಿಂತ ಜಾಸ್ತಿ ಓವರ್‌ಟೈಮ್, ಉಳಿದದ್ದು ಕೊಯ್ದ ಪೀಸು, ನೋಟ್‌ಬುಕ್, ಟೀ ಬನ್ನು, ಪರದೆ. ಟ್ರೇಯಲ್ಲಿ ಯಾವ ಪೀಸನ್ನು ಯಾವ ಕ್ರಮದಲ್ಲಿ ಇಡ್ತೀನಿ, ತಿಂಗಳ ಮಧ್ಯೆ ಹೇಳದೆ ಪರೀಕ್ಷೆ ಹೇಗೆ ಮಾಡ್ತೀನಿ ಅನ್ನೋದನ್ನು ಇಲ್ಲಿ ಬರೆಯಲ್ಲ. ನಮ್ಮ ಆಪರೇಟರ್‌ಗಳೂ ಇದನ್ನು ಓದುತ್ತಾರೆ.

ಈ 4ನೇ ಕಲಮಿನ ಹೊಣೆಯನ್ನು ಕಂಪನಿಗಳಿಂದ ಸರ್ಕಾರಗಳ ಕಡೆಗೆ ವರ್ಗಾಯಿಸುವ ಪ್ರಸ್ತಾವವನ್ನು 2025ರ ನವೆಂಬರ್‌ನಲ್ಲಿ ಯುರೋಪಿಯನ್ ಆಯೋಗ ಮುಂದಿಟ್ಟಾಗ, ಇಷ್ಟೆಲ್ಲ ಏಕೆ ಮಾಡ್ತೀರಿ ಅಂತ ಕೇಳಿದವರಿದ್ದಾರೆ. ಗಿರಾಕಿಯ ಪ್ರಶ್ನಾವಳಿ ಹಾಗೇ ಇದೆ. ಪರದೆಯಿಂದ ಉಳಿದ ರೀಚೆಕ್ ಹಣವೂ ನಮ್ಮದೇ.

ಈಗಿನ ಕಷ್ಟ ಗುತ್ತಿಗೆ ಕಾರ್ಮಿಕರದ್ದು. ಕೆಲವೇ ತಿಂಗಳಿಗೆ ಜನ ಬದಲಾಗುತ್ತಾರೆ, ಕಲಿಸಿದ್ದು ಅವರ ಜೊತೆ ಹೋಗುತ್ತದೆ. ಅದಕ್ಕೆ ಹೊಸಬರ ಮೊದಲ ಟ್ರೇಯನ್ನು ಕೊರಟಗೆರೆಯ ಆ ಅಕ್ಕನೇ ಮಾಡಿಸುತ್ತಾರೆ. ಆ ಹೊತ್ತಿಗೆ ಅವರ ಸ್ಟೇಷನ್ನಿಗೆ ಬದಲಿ ಆಪರೇಟರ್ ಹಾಕಿ, ಅವರಿಗೆ ಪ್ರತ್ಯೇಕ ಭತ್ಯೆ ಮಂಜೂರು ಮಾಡಿಸಿದ್ದೇನೆ. ಮುಂದಿನ ಸುತ್ತು ಸ್ಟೋರ್ಸ್ ಮತ್ತು ಡಿಸ್ಪ್ಯಾಚ್‌ನವರಿಗೆ.