ಕಂಪ್ಯೂಟರ್ ಸಬ್ಜೆಕ್ಟ್ ತಗೊಳ್ಳೂಕಿಂತ ಮೊದ್ಲ ಲ್ಯಾಬ್ ನೋಡ್ರಿ

ನಮ್ಮ ಅಕ್ಕನ ಮಗಳು ಒಂಬತ್ತನೇತ್ತಾಕ್ಕ ಹೋಗೂ ಮುಂದ ಮನ್ಯಾಗ ಎಲ್ಲಾರೂ ಕೇಳಿದ್ದು ಒಂದ, ಕಂಪ್ಯೂಟರ್ ತಗೊಂಡ್ರ ಮಾರ್ಕ್ಸ್ ಬರ್ತಾವೋ ಇಲ್ಲೋ ಅಂತ. ಕೀಬೋರ್ಡ್ ಮುಟ್ಟಾಕ ಸಿಗತೈತೋ ಇಲ್ಲೋ ಅಂತ ಯಾರೂ ಕೇಳ್ಲಿಲ್ಲ. ಆಮ್ಯಾಲ ನಾನ ಒಮ್ಮೆ ಸಾಲಿಗೆ ಹೋಗಿ ನೋಡಿದ್ರ ಒಂದ ಮಷಿನ್ ಮುಂದ ಆರು ಹುಡುಗ್ರು, ಒಬ್ಬಾಂವ ಮೌಸ್ ಹಿಡಿದಿದ್ದ, ಉಳದಾವ್ರು ಹಿಂದ ನಿಂತು ನೋಟ್‌ಬುಕ್ಕಿನ್ಯಾಗ ಬರ್ಕೋತಿದ್ರು. ಭಾಳ ಕೆಟ್ಟ ಅನಿಸ್ತು.

ಅದಕ್ಕ ಬಾಗಲಕೋಟಿ ಕಡೆ ಇರೂ ನಮ್ಮಂಥಾ ಪಾಲಕರಿಗೆ ಹೇಳಾಕತ್ತೀನಿ, ಅಡ್ಮಿಶನ್ ಮೊದ್ಲ ಲ್ಯಾಬ್ ಬಾಗಲಾ ತಗಿಸಿ ನೋಡ್ರಿ. ಎಷ್ಟು ಮಷಿನ್ ಚಾಲೂ ಅದಾವು, ವಾರಕ್ಕ ಎಷ್ಟು ಪೀರಿಯಡ್ ಲ್ಯಾಬ್, ಕರೆಂಟ್ ಹೋದ್ರ ಯುಪಿಎಸ್ ಐತೋ, ಕಲಸಾವ್ರು ಕಂಪ್ಯೂಟರ್ ಓದಿದಾವ್ರೋ ಇಲ್ಲಾ ಬ್ಯಾರೆ ಸಬ್ಜೆಕ್ಟ್ ಮಾಸ್ತರೋ, ಎಲ್ಲಾ ಕೇಳ್ರಿ, ಸಂಕೋಚ ಬ್ಯಾಡ.

ಇನ್ನ ಸಬ್ಜೆಕ್ಟ್ ವಿಷ್ಯಾ. ಸರ್ಕಾರಿ ಹೈಸ್ಕೂಲಿನ್ಯಾಗ ಕೆಲವು ಕಡೆ ಎನ್‌ಎಸ್‌ಕ್ಯೂಎಫ್ ಅಂತ ಕೆಲಸದ ಕೌಶಲ್ಯ ಕಲಸೂ ಸಬ್ಜೆಕ್ಟ್ ಐತಿ, ಅದರಾಗ ಐಟಿ (ಕಂಪ್ಯೂಟರ್), ಆಟೊಮೊಬೈಲ್, ರಿಟೇಲ್ ಇಂಥಾವು ಇರ್ತಾವು, ಥರ್ಡ್ ಲ್ಯಾಂಗ್ವೇಜ್ ಬದ್ಲಿ ತಗೊಳ್ಳೂದು, ಒಂಬತ್ತನೇತ್ತದಾಗ ಹಿಡಿದ್ರ ಎಸ್ಸೆಸ್ಸೆಲ್ಸಿಗೂ ಅದ. ಎಲ್ಲಾ ಸಾಲ್ಯಾಗ ಇಲ್ಲ, ಹೆಡ್ ಮಾಸ್ತರನ್ನ ಕೇಳ್ರಿ. ಸಿಬಿಎಸ್‌ಇ ಆದ್ರ ಐಟಿ ಕೋಡ್ 402, ಎಐ (ಕೃತಕ ಬುದ್ಧಿಮತ್ತೆ) ಕೋಡ್ 417, ಎರಡಕ್ಕೂ 50 ಥಿಯರಿ 50 ಪ್ರಾಕ್ಟಿಕಲ್. ಇದನ್ನ ಆರನೇ ಸಬ್ಜೆಕ್ಟ್ ಅಂತ ತಗೊಂಡು ಪಾಸಾದ್ರ, ಮ್ಯಾಥ್ಸ್, ಸೈನ್ಸ್, ಸೋಶಿಯಲ್ ಮೂರರಾಗ ಯಾವುದಾದ್ರೂ ಒಂದು ಫೇಲಾದ್ರ ಅದರ ಜಾಗಾಕ್ಕ ಇದನ್ನ ಹಿಡಿತಾರ. ಹೊಸದಾಗಿ ಕಲ್ಯಾವ್ರಿಗೆ ನನ್ನ ಕೇಳಿದ್ರ 402 ಛಲೋ, ಟೈಪಿಂಗ್, ಲೆಕ್ಕಾ ಹಾಕೂ ಶೀಟ್ ಬಂದ ಮ್ಯಾಲ ಎಐ ಕಡೆ ಹೋಗ್ಲಿ.

ಪಿಯುಸಿ ಬಗ್ಗೆ ಒಂದ ಮಾತು, ಯಾಕಂದ್ರ ಇಲ್ಲೇ ಭಾಳ ಮಂದಿ ತಪ್ಪು ತಿಳ್ಕೊಂಡಾರ. ಪಿಸಿಎಂಸಿ (ಫಿಜಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೋಡಿ ಕಂಪ್ಯೂಟರ್) ತಗೊಂಡ್ರಷ್ಟ ಕಂಪ್ಯೂಟರ್ ಇಂಜಿನಿಯರಿಂಗ್ ಸಿಗತೈತಿ ಅನ್ನೂದು ಸುಳ್ಳು. ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಸಿಇಟಿ ಇರೂದು ಫಿಜಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮ್ಯಾಲ, ತಲಾ 60 ಮಾರ್ಕ್ಸ್, ಪಿಸಿಎಂಬಿ (ಕಂಪ್ಯೂಟರ್ ಬದ್ಲಿ ಬಯಾಲಜಿ) ಓದಿದಾವ್ರಿಗೂ ಆ ಸೀಟ್ ಸಿಗತೈತಿ. ಡಾಕ್ಟರ್ ಆಗೂ ಮನಸಿದ್ರ ಬಯಾಲಜಿ ಬಿಡಬ್ಯಾಡ್ರಿ. ಮ್ಯಾಥ್ಸ್ ಬ್ಯಾಡ ಅನ್ನಾವ್ರಿಗೆ ಕಾಮರ್ಸ್‌ದಾಗ ಸೆಬಾ (CEBA: ಕಂಪ್ಯೂಟರ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ಐತಿ, ಮುಂದ ಬಿಸಿಎ ಮಾಡಬಹುದು.

ಸೇರಿದ ಮ್ಯಾಲ ಕೈಲೇ ಮಾಡಸ್ರಿ. ಪೈಥಾನ್‌ದಾಗ (ಪ್ರೋಗ್ರಾಂ ಬರಿಯೂ ಭಾಷಾ) ಇಫ್ ಬರದ್ರ ಅದರ ಕೆಳಗಿನ ಸಾಲು ಒಳಗ ಸರೀಬೇಕು, ರೂಢಿ ಪ್ರಕಾರ ನಾಕು ಸ್ಪೇಸ್. ನಮ್ಮ ಹುಡುಗಿ ನೋಟ್‌ಬುಕ್ಕಿನ್ಯಾಗ ಹತ್ತು ಸಲ ಬರದು ಬಾಯಿಪಾಠ ಮಾಡಿದ್ಲು, ಮಷಿನ್‌ನ್ಯಾಗ ಎಲ್ಲಾ ಎಡಕ್ಕ ಹಚ್ಚಿ ಟೈಪ್ ಮಾಡಿದಕೂಡ್ಲೇ ಎರರ್ ಬಂತು, ಅರ್ಧಾ ತಾಸು ಒದ್ದಾಡಿ ತಾನ ಹುಡುಕಿದ್ಲು, ಈಗ ಮರೆಯಂಗಿಲ್ಲ. ಆಮ್ಯಾಲ ಹಳೇ ಲ್ಯಾಪ್‌ಟಾಪ್‌ದಾಗ ಲಿಬ್ರೆ ಆಫೀಸ್ ಅನ್ನೂ ಟೈಪಿಂಗ್, ಶೀಟ್ ಸಾಫ್ಟ್‌ವೇರ್ ಹಾಕಿ ಕೊಟ್ವಿ, ಅದು ಫುಕಟ್. ಕಬ್ಬಿನ ತೂಕದ ಚೀಟಿ ತಂದಿಟ್ಟು ತಾರೀಖು, ಟ್ರಿಪ್ಪು, ಟನ್ನು, ದರಾ ಅಂತ ಕಾಲಂ ಹಾಕ್ಸಿದ್ವಿ, ಕೆಳಗ ಕೂಡಸೂ ಸಮ್ ಫಾರ್ಮುಲಾ. ಒಂದ ಟ್ರಿಪ್ಪಿನ ಚೀಟಿ ಎರಡು ಸಲ ಬರದಿದ್ದು ಟೋಟಲ್ ತಾಳೆ ಆಗದಾಗ ಆಕಿಗ ಸಿಕ್ತು, ಈಗ ಅವರಪ್ಪ ಚೀಟಿ ಬಂದ ದಿನಾನ ಆಕಿ ಕೈಯಾಗ ಕೊಡ್ತಾರ.