ಮೆಡಿಕಲ್ ಶಾಪ್ ಕೌಂಟರ್‌ನಲ್ಲಿ ಒಂದು ಜೀವ ಉಳಿಸುವುದು ಹೇಗೆ?

ಹಳ್ಳಿಗಳಲ್ಲಿ ಮನೋವೈದ್ಯರು ಸಿಗುವುದೇ ಅಪರೂಪ. ಇದ್ದರೂ ದೂರ. ಅಲ್ಲಿಗೆ ಹೋಗಿದ್ದು ಯಾರಿಗಾದರೂ ಗೊತ್ತಾದರೆ ಏನಂದುಕೊಳ್ತಾರೋ ಎಂಬ ಅಳುಕು ಬೇರೆ. ಔಷಧಿ ಅಂಗಡಿಗೆ ಈ ಅಳುಕು ಬೇಕಿಲ್ಲ, ತಲೆನೋವಿನ ಮಾತ್ರೆಗೆ ಬಂದೆ ಅಂದರೆ ಮುಗಿಯಿತು. ಜಗತ್ತಿನಲ್ಲಿ ಪ್ರತಿವರ್ಷ 7 ಲಕ್ಷಕ್ಕೂ ಜಾಸ್ತಿ ಜನ ಆತ್ಮಹತ್ಯೆಯಿಂದ ಸಾಯುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥ ಯೋಚನೆಯಲ್ಲಿರುವವರು ಬೇರೆ ಯಾರ ಹತ್ತಿರವೂ ಹೋಗದೆ ನಿಮ್ಮ ಕೌಂಟರ್ ಮುಂದೆ ಮಾತ್ರ ನಿಂತಿರಬಹುದು. ನೀವು ಹಳ್ಳಿಯ ಫಾರ್ಮಸಿಸ್ಟ್ ಆಗಿದ್ದರೆ ಈ ಲೇಖನ ನಿಮಗೇ.

ಮೊದಲ ಹೆಜ್ಜೆ ಗಮನಿಸುವುದು. ತಿಂಗಳು ತಿಂಗಳು ಬರುವವರ ಮುಖ, ಮಾತು, ಔಷಧಿ ಎಲ್ಲವೂ ನಿಮಗೆ ಗೊತ್ತು, ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ಇಷ್ಟು ಗೊತ್ತಿರುವುದಿಲ್ಲ. ಖಿನ್ನತೆಯ ಮಾತ್ರೆ ಒಯ್ಯುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿದರೇ? ನಿದ್ದೆ ಮಾತ್ರೆ ಮುಗಿಯುವ ಮೊದಲೇ ಮತ್ತೆ ಕೇಳುತ್ತಿದ್ದಾರೆಯೇ? "ನಾನು ಮನೆಯವರಿಗೆ ಭಾರ", "ಇನ್ನೆಷ್ಟು ದಿನ ಬಿಡಿ" ಎಂಬಂಥ ಮಾತು ಬಂತೇ? ಸಾಲ, ಬೆಳೆ ನಷ್ಟ, ಮನೆಯಲ್ಲಿ ಸಾವು, ಬಿಡದ ನೋವು, ಜಾಸ್ತಿಯಾದ ಕುಡಿತ ಇವೂ ಲೆಕ್ಕಕ್ಕೆ ಬರುತ್ತವೆ. ಒಂದೇ ಸುಳಿವು ಕಂಡ ಮಾತ್ರಕ್ಕೆ ತೀರ್ಮಾನಕ್ಕೆ ಬರಬೇಡಿ, ಆದರೆ ಕಂಡದ್ದನ್ನು ಸುಮ್ನೆ ಬಿಡಲೂಬೇಡಿ.

ಆಮೇಲಿನದು ಕೇಳುವುದು, ಎಲ್ಲರೂ ಹೆದರುವುದು ಇಲ್ಲೇ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅನ್ನಿಸುತ್ತದೆ, ಅಲ್ವಾ? ಹಾಗೇನೂ ಆಗುವುದಿಲ್ಲ. ಅಧ್ಯಯನಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ, ಹಾಗೆ ಕೇಳಿದಾಗ ಎಷ್ಟೋ ಸಲ ಅವರ ಮನಸ್ಸೇ ಹಗುರಾಗುತ್ತದೆ. ಬೇರೆ ಗಿರಾಕಿಗಳ ಎದುರಿಗೆ ಬೇಡ, ಒಳಗೆ ಅಥವಾ ಪಕ್ಕಕ್ಕೆ ಕರೆಯಿರಿ. "ಇತ್ತೀಚೆಗೆ ತುಂಬ ಕಷ್ಟದಲ್ಲಿದ್ದೀರಿ ಅನ್ನಿಸುತ್ತಿದೆ. ಸಾಯಬೇಕು ಅನ್ನುವ ಯೋಚನೆ ಬರುತ್ತಿದೆಯಾ?" ಎಂದು ನೇರವಾಗಿ ಕೇಳಿ. "ಅಂಥದ್ದೇನೂ ಇಲ್ಲ ತಾನೆ?" ಅನ್ನಬೇಡಿ. ಹಾಗೆ ಕೇಳಿದರೆ "ಇಲ್ಲ" ಎನ್ನುವುದೇ ಅವರಿಗೆ ಸುಲಭ.

ಹೌದು ಅಂದರೆ ಬುದ್ಧಿ ಹೇಳಲು ಹೋಗಬೇಡಿ. ಮಕ್ಕಳ ಮುಖ ನೋಡಿ, ಧೈರ್ಯ ತಂದುಕೊಳ್ಳಿ ಅನ್ನುವುದರಿಂದ ಅವರಿಗೆ ನಾಚಿಕೆ ಹೆಚ್ಚುತ್ತದೆ, ನೋವು ಹಾಗೇ ಇರುತ್ತದೆ. ಕೇಳಿಸಿಕೊಳ್ಳಿ. ಹೇಗೆ, ಯಾವಾಗ ಎಂದು ಯೋಚಿಸಿದ್ದಾರಾ, ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯಾ ಎಂದು ವಿಚಾರಿಸಿ. ಎರಡಕ್ಕೂ ಹೌದು ಅಂದರೆ ಅದು ತುರ್ತು. ಅವರನ್ನು ಒಂಟಿಯಾಗಿ ಬಿಡಬೇಡಿ, ತುರ್ತು ಸೇವೆಗೆ ಕರೆ ಮಾಡಿ, ಅವರು ನಂಬುವ ಒಬ್ಬರನ್ನು ಕರೆಸಿ.

ಮುಂದಿನದು ಫಾರ್ಮಸಿಸ್ಟ್ ಮಾತ್ರ ಮಾಡಬಲ್ಲ ಕೆಲಸ. ಸಾಯುವ ತೀವ್ರ ತುಡಿತ ಬಹಳ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಎಷ್ಟೋ ಜನ ಉಳಿಯುತ್ತಾರೆ. 1998ರಲ್ಲಿ ಬ್ರಿಟನ್ ನೋವಿನ ಮಾತ್ರೆಗಳ ಪ್ಯಾಕ್ ಚಿಕ್ಕದು ಮಾಡಿದ ಮೇಲೆ ಅವುಗಳಿಂದಾಗುವ ಸಾವು ಇಳಿಯಿತು. ಆದ್ದರಿಂದ ಡಾಕ್ಟರ ಜೊತೆ ಮಾತಾಡಿ ಒಂದು ತಿಂಗಳ ಬದಲು ಒಂದು ವಾರದ ಔಷಧಿ ಮಾತ್ರ ಕೊಡಿ. ಮನೆಯಲ್ಲಿ ಉಳಿದಿರುವ ಹಳೆಯ ಮಾತ್ರೆಗಳನ್ನು ವಾಪಸ್ ತರಿಸಿಕೊಳ್ಳಿ. ಕೀಟನಾಶಕ ಇದ್ದರೆ ಬೀಗ ಹಾಕಿ ಕೀಲಿಯನ್ನು ಬೇರೆಯವರ ಕೈಗೆ ಕೊಡುವಂತೆ ಮನೆಯವರಿಗೆ ಹೇಳಿ. ಆದರೆ ಆ ವ್ಯಕ್ತಿಯನ್ನು ಕೇಳಿಯೇ ಹೇಳಿ, ತುರ್ತಿದ್ದಾಗ ಮಾತ್ರ ಇದಕ್ಕೆ ವಿನಾಯಿತಿ.

ಖಿನ್ನತೆಯ ಔಷಧಿ ಈಗಷ್ಟೇ ಶುರುವಾಗಿದ್ದರೆ ಇನ್ನೊಂದು ಮಾತು. ಅದು ಪೂರ್ತಿ ಕೆಲಸ ಮಾಡಲು ಕೆಲವು ವಾರ ಬೇಕು, ತಾವಾಗಿಯೇ ನಿಲ್ಲಿಸಬಾರದು. 25 ವರ್ಷದೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಾಗುವ ಸಾಧ್ಯತೆ ಇರುವುದರಿಂದ ಮನೆಯವರು ಕಣ್ಣಿಡಬೇಕು.

ತುರ್ತು ಅಲ್ಲದಿದ್ದರೂ ಬರೀ ಫೋನ್ ನಂಬರ್ ಬರೆದುಕೊಟ್ಟು ಕಳಿಸಬೇಡಿ. ಅವರ ಎದುರಿಗೇ ಸಹಾಯವಾಣಿಗೋ ಡಾಕ್ಟರಿಗೋ ಕರೆ ಮಾಡಿ ಮಾತಾಡಿಸಿ. ಎರಡು ಮೂರು ದಿನ ಬಿಟ್ಟು ನೀವೇ ಹೇಗಿದ್ದೀರಿ ಎಂದು ಕೇಳಿ. ವಿಷಯ ಮಾತ್ರ ಅಂಗಡಿಯ ಹುಡುಗನಿಗೂ ತಿಳಿಯಕೂಡದು. ಚಿಕ್ಕ ಊರಿನಲ್ಲಿ ಒಂದು ಮಾತು ಹೊರಬಿದ್ದರೆ ಮುಂದೆ ಯಾರೂ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ.

ಇಷ್ಟಕ್ಕೆಲ್ಲ ತಯಾರಿ ಇವತ್ತೇ ಆಗಬೇಕು. ಸಹಾಯವಾಣಿ, ಹತ್ತಿರದ ಆಸ್ಪತ್ರೆ, ಮಾನಸಿಕ ಆರೋಗ್ಯ ಕೇಂದ್ರ ಇವುಗಳ ನಂಬರ್ ಕೌಂಟರ್ ಒಳಗೆ ಅಂಟಿಸಿ, ಒಂದೊಂದಕ್ಕೂ ಕರೆ ಮಾಡಿ ರಾತ್ರಿಯೂ ಯಾರಾದರೂ ಎತ್ತುತ್ತಾರಾ ನೋಡಿಕೊಳ್ಳಿ.